ಹೆಲ್ಮೆಟ್ಟಿನ ಬಲಗಡೆ ಮಾತ್ರ: ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಗೆಲುವು ಮತ್ತು ಗುರುತು

(ಕನ್ನಡ ಬಳಗವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲೆ ಎರಡು ಫೋಟೋ ಇವೆ, ನೋಡಿ. ಎರಡೂ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಹೆಲ್ಮೆಟ್‌ಗಳೇ. ಮೊದಲನೆಯದು ಬಲಗಡೆಯಿಂದ ತೆಗೆದದ್ದು. ಕಪ್ಪು ಹೆಲ್ಮೆಟ್, ಅದರ ಮೇಲೊಂದು ಬಿಳಿ ವೃತ್ತ. ವೃತ್ತದೊಳಗೆ ನಕ್ಷತ್ರದ ಹಾಗೆ ಕಾಣುವ ಮೂರು ಆಕಾರಗಳು, ಹಳದಿ, ಕಿತ್ತಳೆ, ನೀಲಿ. ಪಕ್ಕದಲ್ಲಿ ತಂಡದ ಹೆಸರು. ಎರಡನೆಯ ಫೋಟೋ ಎಡಗಡೆಯಿಂದ ತೆಗೆದದ್ದು. ಬರೀ ಕಪ್ಪು. ಏನೂ ಇಲ್ಲ.

ಸ್ಟಿಕರ್ ಉದುರಿಹೋಗಿಲ್ಲ. ಅರವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಅದು ಹಾಗೇ ಇದೆ. ಎನ್‌ಎಫ್‌ಎಲ್ ಅನ್ನುವ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಿನಲ್ಲಿ 32 ತಂಡಗಳಿವೆ. ಲಾಂಛನವನ್ನು ಒಂದೇ ಬದಿಗೆ ಹಾಕಿಕೊಳ್ಳುವುದು ಇವರು ಮಾತ್ರ. ಪಕ್ಕದ ಊರಿನ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಹೆಲ್ಮೆಟ್ಟಿಗೆ ಯಾವ ಬದಿಗೂ ಲಾಂಛನವಿಲ್ಲ. ಅದು ಬೇರೆ ಕಥೆ.

ಈ ತಂಡ ಆರು ಸಲ ಸೂಪರ್ ಬೌಲ್ ಗೆದ್ದಿದೆ. ಅಷ್ಟು ಸಲ ಗೆದ್ದ ಇನ್ನೊಂದು ತಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮಾತ್ರ. ಸಾಮಾನ್ಯವಾಗಿ ಗೆಲುವಿನ ಕಥೆಯನ್ನು ಒಬ್ಬರು ಹೇಳುತ್ತಾರೆ, ಲಾಂಛನದ ಕಥೆಯನ್ನು ಇನ್ನೊಬ್ಬರು ಹೇಳುತ್ತಾರೆ. ನನಗೆ ಎರಡನ್ನೂ ಸೇರಿಸಿ ನೋಡಬೇಕು ಅನ್ನಿಸುತ್ತದೆ. ಯಾಕೆಂದರೆ ಆ ಲಾಂಛನ ಹುಟ್ಟಿದ್ದು ಆಟಕ್ಕಾಗಿ ಅಲ್ಲ. ಅದು ಉಕ್ಕು ಮಾರುವವರ ಜಾಹೀರಾತು. ಅದನ್ನು ಅಂಟಿಸಿಕೊಂಡಾಗ ಉಕ್ಕಿನ ಉದ್ಯಮ ಗಟ್ಟಿಯಾಗಿತ್ತು, ತಂಡ ಲೀಗಿನಲ್ಲೇ ಬಡಪಾಯಿ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಎರಡೂ ಅದಲುಬದಲಾದವು.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಒಂದು ಕಡೆಗೆ 11 ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು ಸಿಗುತ್ತವೆ, ಹೋಗದಿದ್ದರೆ ಚೆಂಡು ಎದುರಾಳಿಗೆ. ಎದುರು ತುದಿ ಮುಟ್ಟಿದರೆ ಟಚ್‌ಡೌನ್, ಆರು ಅಂಕ. ಸೀಸನ್ನಿನ ಕೊನೆಯ ಫೈನಲ್ಲೇ ಸೂಪರ್ ಬೌಲ್. ಇಷ್ಟು ಸಾಕು. ಇನ್ನೊಂದು ನೆನಪಿಡಿ: ಈ ಆಟದಲ್ಲಿ ಆಟಗಾರನ ಮುಖ ಸರಿಯಾಗಿ ಕಾಣುವುದಿಲ್ಲ. ಕಾಣುವುದು ಹೆಲ್ಮೆಟ್. ಹಾಗಾಗಿ ಅದರ ಮೇಲಿನ ಚಿತ್ರಕ್ಕೆ ಇಲ್ಲಿ ಇರುವ ತೂಕ ಬೇರೆ ಆಟಗಳಲ್ಲಿ ಇಲ್ಲ.

ತಂಡ ಹುಟ್ಟಿದ್ದು 1933ರಲ್ಲಿ. ಆರ್ಟ್ ರೂನಿ ಅನ್ನುವವರು ಲೀಗಿಗೆ 2,500 ಡಾಲರ್ ಕಟ್ಟಿ ಶುರು ಮಾಡಿದರು. ಅದೇ ವರ್ಷ ಯಾಕೆ ಅಂದರೆ, ಪೆನ್ಸಿಲ್ವೇನಿಯಾದಲ್ಲಿ ಅಲ್ಲಿಯತನಕ ಭಾನುವಾರ ಹಣ ತೆಗೆದುಕೊಂಡು ಆಟ ಆಡಿಸುವುದಕ್ಕೆ ಕಾನೂನಿನ ತಡೆ ಇತ್ತು. ಅದು ಸಡಿಲವಾಗುವ ಸೂಚನೆ ಸಿಕ್ಕಿತು. ರೂನಿಗೆ ಕುದುರೆ ರೇಸಿನ ಗೀಳು ಜೋರು. ರೇಸಿನಲ್ಲಿ ಗೆದ್ದ ದುಡ್ಡಿನಿಂದಲೇ ತಂಡ ಕೊಂಡರು ಅಂತ ಎಷ್ಟೋ ಕಡೆ ಓದುತ್ತೀರಿ. ಕೇಳಲು ಚೆನ್ನಾಗಿದೆ, ಆದರೆ ಹೊಂದುವುದಿಲ್ಲ. ಹೆಸರಾದ ಆ ದೊಡ್ಡ ಗೆಲುವು ತಂಡ ಕೊಂಡು ಕೆಲವು ವರ್ಷಗಳಾದ ಮೇಲಿನದು.

ಮೊದಲ ಹೆಸರು ಪೈರೇಟ್ಸ್. ಊರಿನ ಬೇಸ್‌ಬಾಲ್ ತಂಡದ ಹೆಸರೂ ಅದೇ. ಆಗ ಹೀಗೆ ಹೆಸರು ಎರವಲು ತೆಗೆದುಕೊಳ್ಳುವುದು ಮಾಮೂಲಿ. 1940ರಲ್ಲಿ ಹೆಸರು ಸ್ಟೀಲರ್ಸ್ ಆಯಿತು. ಬಣ್ಣ ಮಾತ್ರ ಮೊದಲಿನಿಂದಲೂ ಕಪ್ಪು ಮತ್ತು ಬಂಗಾರದ ಹಳದಿ. ಅದು ಊರಿನ ಬಾವುಟದ ಬಣ್ಣ. ಬಾವುಟಕ್ಕೆ ಬಂದದ್ದು ಬ್ರಿಟಿಷ್ ರಾಜಕಾರಣಿ ವಿಲಿಯಂ ಪಿಟ್ ಅವರ ಮನೆತನದ ಲಾಂಛನದಿಂದ. 1758ರಲ್ಲಿ ಜನರಲ್ ಜಾನ್ ಫೋರ್ಬ್ಸ್ ಈ ಜಾಗಕ್ಕೆ ಅವರ ಹೆಸರಿಟ್ಟರು. ತಂಡದ ಮೊದಲ ಜೆರ್ಸಿಯ ಎದೆಯ ಮೇಲೆ ಊರಿನ ಲಾಂಛನವನ್ನೇ ಹಾಕಿದ್ದರು. 1934ರದಂತೂ ಅಡ್ಡಡ್ಡ ಕಪ್ಪು ಹಳದಿ ಪಟ್ಟೆಗಳ ಜೆರ್ಸಿ. ಅದನ್ನು 2012ರಲ್ಲಿ ತಂಡದ 80ನೇ ಸೀಸನ್ನಿಗೆ ಮತ್ತೆ ಹಾಕಿಸಿದರು. ಜನ ಜೇನುಹುಳ ಅಂತ ನಕ್ಕರು. ಕೆಲವರು ಜೈಲಿನ ಬಟ್ಟೆ ಅಂದರು. ನನಗೆ ಇಷ್ಟವಾಯಿತು, ಆದರೆ ನನ್ನ ಜೊತೆ ಒಪ್ಪುವವರು ಕಮ್ಮಿ.

ಆಟದ ಮಾತು ಬಂದರೆ, ಮೊದಲ ನಲವತ್ತು ವರ್ಷ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಆಟಗಾರರೇ ಸಿಗದೆ 1943ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಜೊತೆ ಸೇರಿ ಒಂದೇ ತಂಡವಾಗಿ ಆಡಿದರು. ಜನ ಅದನ್ನು ಸ್ಟೀಗಲ್ಸ್ ಅಂದರು. ಮರುವರ್ಷ ಶಿಕಾಗೊ ಕಾರ್ಡಿನಲ್ಸ್ ಜೊತೆ ಸೇರಿದರು. ಹತ್ತು ಪಂದ್ಯ, ಹತ್ತೂ ಸೋಲು. 1947ರಲ್ಲಿ ಮೊದಲ ಸಲ ಪ್ಲೇಆಫ್, ಅಂದರೆ ಸೀಸನ್ನಿನ ಕೊನೆಯ ನಾಕೌಟ್ ಹಂತ, ತಲುಪಿ ಈಗಲ್ಸ್ ಎದುರು 21-0ಯಿಂದ ಸೋತರು. 1955ರಲ್ಲಿ ತಮ್ಮದೇ ಊರಿನ ಹುಡುಗ ಜಾನಿ ಯುನೈಟಸ್‌ನನ್ನು ಆರಿಸಿಕೊಂಡರು. ಸೀಸನ್ ಶುರುವಾಗುವ ಮೊದಲೇ ಬೇಡ ಅಂತ ಕಳಿಸಿಬಿಟ್ಟರು. ಆತ ಬಾಲ್ಟಿಮೋರ್ ಕೋಲ್ಟ್ಸ್‌ಗೆ ಹೋಗಿ ಆ ಕಾಲದ ಅತಿ ದೊಡ್ಡ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ಆಟ ನಡೆಸುವವನು) ಆದ. ಇಂಥ ತಂಡ ಇದು.

ಈಗ ಲಾಂಛನಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಆ ವೃತ್ತ ಮತ್ತು ಮೂರು ಆಕಾರಗಳ ಚಿತ್ರಕ್ಕೆ ಸ್ಟೀಲ್‌ಮಾರ್ಕ್ ಅಂತ ಹೆಸರು. ಮಾಡಿಸಿದ್ದು ಪಿಟ್ಸ್‌ಬರ್ಗ್‌ನಲ್ಲೇ ಬೇರು ಬಿಟ್ಟಿದ್ದ ಯು.ಎಸ್. ಸ್ಟೀಲ್ ಕಂಪನಿ. ಸ್ವಲ್ಪ ಸಮಯದಲ್ಲೇ ಅದನ್ನು ಅಮೆರಿಕದ ಉಕ್ಕು ಕಂಪನಿಗಳ ಒಕ್ಕೂಟಕ್ಕೆ, ಅಂದರೆ ಅಮೆರಿಕನ್ ಐರನ್ ಅಂಡ್ ಸ್ಟೀಲ್ ಇನ್‌ಸ್ಟಿಟ್ಯೂಟ್‌ಗೆ ಬಿಟ್ಟುಕೊಟ್ಟರು. ಯಾವ ಕಂಪನಿಯ ಉಕ್ಕೇ ಆಗಲಿ, ಅದರಿಂದ ಮಾಡಿದ ಸಾಮಾನಿನ ಮೇಲೆ ಈ ಗುರುತು ಇರಲಿ ಅಂತ. ಮನೆ ಬಳಕೆಯ ಸಾಮಾನುಗಳಿಗೆ ಆಗ ಅಲ್ಯುಮಿನಿಯಂ ಮತ್ತು ಪ್ಲಾಸ್ಟಿಕ್ ಪೈಪೋಟಿ ಕೊಡುತ್ತಿದ್ದವು. ಉಕ್ಕು ಅಂದರೆ ಬರೀ ರೈಲು ಕಂಬಿ, ಸೇತುವೆ ಅಲ್ಲ, ನಿಮ್ಮ ಅಡುಗೆಮನೆಯಲ್ಲೂ ಇದೆ ಅಂತ ಜನಕ್ಕೆ ಹೇಳಬೇಕಿತ್ತು. ಮೂರು ಬಣ್ಣಗಳ ಜೊತೆ ಬಂದ ಮೂಲ ಮಾತು ಹೀಗೆ: ಉಕ್ಕು ನಿಮ್ಮ ಕೆಲಸ ಹಗುರ ಮಾಡುತ್ತದೆ, ಬಿಡುವಿನ ಹೊತ್ತಿಗೆ ಕಳೆ ತರುತ್ತದೆ, ನಿಮ್ಮ ಜಗತ್ತನ್ನು ದೊಡ್ಡದು ಮಾಡುತ್ತದೆ. ಅಪ್ಪಟ ಜಾಹೀರಾತಿನ ಭಾಷೆ.

ಈಗ ಯಾರನ್ನಾದರೂ ಕೇಳಿ, ಬೇರೆ ಅರ್ಥ ಹೇಳುತ್ತಾರೆ. ಹಳದಿ ಕಲ್ಲಿದ್ದಲು, ಕಿತ್ತಳೆ ಕಬ್ಬಿಣದ ಅದಿರು, ನೀಲಿ ಗುಜರಿ ಉಕ್ಕು. ಮೂರೂ ಸೇರಿದರೆ ಉಕ್ಕು. ಇದು ಆಮೇಲೆ ಬಂದ ವಿವರಣೆ. ಕಲ್ಲಿದ್ದಲಿಗೆ ಹಳದಿ ಬಣ್ಣ ಯಾಕೆ ಅಂತ ಯಾರೂ ಕೇಳುವುದಿಲ್ಲ, ನೋಡಿ! ಆದರೂ ಉಳಿದದ್ದು ಇದೇ ಅರ್ಥ. ಅದು ನನಗೆ ಸರಿ ಅನ್ನಿಸುತ್ತದೆ. ಕುಲುಮೆಯ ಮುಂದೆ ನಿಂತು ದುಡಿದ ಊರು ಅದು. ಅಲ್ಲಿಯವರಿಗೆ ಬಿಡುವಿನ ಹೊತ್ತಿನ ಕಳೆಗಿಂತ ಕಲ್ಲಿದ್ದಲು, ಅದಿರು ಹತ್ತಿರದ ವಿಷಯ.

ಆಕಾರದ ಬಗ್ಗೆಯೂ ಒಂದು ಮಾತು. ಅದು ನಕ್ಷತ್ರವಲ್ಲ. ಒಂದು ದೊಡ್ಡ ವೃತ್ತದ ಒಳಗೆ, ಅದರ ಕಾಲು ಭಾಗದಷ್ಟು ವ್ಯಾಸದ ಸಣ್ಣ ವೃತ್ತವನ್ನು ಅಂಚಿಗೆ ತಾಗಿಸಿ ಉರುಳಿಸಿ. ಸಣ್ಣ ವೃತ್ತದ ಅಂಚಿನ ಮೇಲೆ ಒಂದು ಚುಕ್ಕಿ ಇಟ್ಟಿದ್ದರೆ, ಆ ಚುಕ್ಕಿ ಹಾದುಹೋದ ದಾರಿ ಒಳಗೆ ಬಾಗಿದ ನಾಲ್ಕು ಬದಿಗಳ, ನಾಲ್ಕು ಚೂಪು ತುದಿಗಳ ಆಕಾರವಾಗುತ್ತದೆ. ಗಣಿತದವರು ಹೈಪೋಸೈಕ್ಲಾಯ್ಡ್ ಅನ್ನುತ್ತಾರೆ. ಪಿಟ್ಸ್‌ಬರ್ಗ್‌ನಲ್ಲಿ ಗಣಿತ ಬರದವರಿಗೂ ಈ ಶಬ್ದ ಗೊತ್ತು.

1962ರಲ್ಲಿ ಕ್ಲೀವ್‌ಲ್ಯಾಂಡ್‌ನ ರಿಪಬ್ಲಿಕ್ ಸ್ಟೀಲ್ ಕಂಪನಿಯವರು ಸ್ಟೀಲರ್ಸ್ ತಂಡಕ್ಕೆ ಒಂದು ಸಲಹೆ ಕೊಟ್ಟರು. ನಿಮ್ಮ ಹೆಸರಲ್ಲೇ ಉಕ್ಕು ಇದೆ, ಹೆಲ್ಮೆಟ್ ಮೇಲೆ ಈ ಗುರುತು ಹಾಕಿಕೊಳ್ಳಬಾರದೇಕೆ ಅಂತ. ತಮಾಷೆ ನೋಡಿ, ಲಾಂಛನ ಬಂದದ್ದು ಬದ್ಧವೈರಿಗಳ ಊರಿನ ಕಂಪನಿಯ ಮೂಲಕ. ತಂಡದ ಹೆಲ್ಮೆಟ್ ಆಗ ಬಂಗಾರದ ಬಣ್ಣದ್ದು. ಅದರ ಮೇಲೆ ಈ ಬಿಳಿ ವೃತ್ತ ಹೇಗೆ ಕಾಣುತ್ತದೋ ಅಂತ ಯಾರಿಗೂ ಗ್ಯಾರಂಟಿ ಇರಲಿಲ್ಲ. ಹಾಗಾಗಿ ತಂಡದ ಸಾಮಾನು ಸರಂಜಾಮು ನೋಡಿಕೊಳ್ಳುತ್ತಿದ್ದ ಜ್ಯಾಕ್ ಹಾರ್ಟ್ ಅವರಿಗೆ, ಸದ್ಯಕ್ಕೆ ಬಲಗಡೆ ಮಾತ್ರ ಅಂಟಿಸಿ ನೋಡಿ ಅಂದರು.

ಆ ವರ್ಷ ತಂಡ ಎಂದೂ ಆಡದಷ್ಟು ಚೆನ್ನಾಗಿ ಆಡಿತು. 9 ಗೆಲುವು, 5 ಸೋಲು. ತಮ್ಮ ವಿಭಾಗದಲ್ಲಿ ಎರಡನೇ ಸ್ಥಾನ. ಎರಡನೇ ಸ್ಥಾನದವರಿಗಾಗಿ ಮಯಾಮಿಯಲ್ಲಿ ಆಗ ಪ್ಲೇಆಫ್ ಬೌಲ್ ಅಂತ ಒಂದು ಪಂದ್ಯ ನಡೆಯುತ್ತಿತ್ತು. ಅದರ ಖುಷಿಗೆ ಹೆಲ್ಮೆಟ್ ಬಣ್ಣವನ್ನು ಬಂಗಾರದಿಂದ ಕಪ್ಪಿಗೆ ಬದಲಾಯಿಸಿದರು. ಕಪ್ಪಿನ ಮೇಲೆ ಆ ಬಿಳಿ ವೃತ್ತ ಎದ್ದು ಕಂಡಿತು. ಡೆಟ್ರಾಯಿಟ್ ಲಯನ್ಸ್ ಎದುರು ಪಂದ್ಯ ಸೋತರು, ಅದು ಬಿಡಿ. ಆಮೇಲೆ ಒಕ್ಕೂಟದ ಒಪ್ಪಿಗೆ ಪಡೆದು ವೃತ್ತದೊಳಗಿನ ಸ್ಟೀಲ್ ಅನ್ನುವುದನ್ನು ಸ್ಟೀಲರ್ಸ್ ಅಂತ ಮಾಡಿಕೊಂಡರು. ಇನ್ನೊಂದು ಬದಿಗೆ ಯಾಕಿಲ್ಲ ಅಂತ ಜನ ಕೇಳತೊಡಗಿದರು. ಆ ಕುತೂಹಲ ಒಳ್ಳೆಯದೇ ಅನ್ನಿಸಿರಬೇಕು, ಹಾಗೇ ಬಿಟ್ಟರು. ತಾತ್ಕಾಲಿಕವಾಗಿ ಮಾಡಿದ್ದು ಕಾಯಂ ಆಯಿತು. ದೊಡ್ಡ ಏಜೆನ್ಸಿಗಳನ್ನು ಕೂರಿಸಿ, ಲಕ್ಷಗಟ್ಟಲೆ ಖರ್ಚು ಮಾಡಿ ಲೋಗೋ ಮಾಡಿಸುವ ಈ ಕಾಲದಲ್ಲಿ ನನಗೆ ಇದು ಬಹಳ ಇಷ್ಟವಾಗುವ ವಿಷಯ.

ಹೆಲ್ಮೆಟ್ ಸರಿಹೋಯಿತು ಅಂತ ಜೆರ್ಸಿ ಸುಮ್ಮನಿರಲಿಲ್ಲ. 1966 ಮತ್ತು 67ರಲ್ಲಿ ಹೆಗಲ ಮೇಲೆ ಬಂಗಾರದ ಬಣ್ಣದ ದೊಡ್ಡ ಚೂಪು ಆಕಾರ ಹಾಕಿದ್ದರು. ಜನ ಬ್ಯಾಟ್‌ಮ್ಯಾನ್ ಜೆರ್ಸಿ ಅಂದರು. ಎರಡೇ ವರ್ಷಕ್ಕೆ ಮುಗಿಯಿತು. ತೋಳಿನ ಮೇಲೆ ಪಟ್ಟೆಗಳಿರುವ ಈಗಿನ ಜೆರ್ಸಿ ಆಮೇಲೆ ಬಂತು. 1997ರಲ್ಲಿ ಅಂಕಿಗಳ ಅಕ್ಷರಶೈಲಿಯನ್ನು ದುಂಡಗೆ ಮಾಡಿ, ಎದೆಯ ಎಡಭಾಗದಲ್ಲಿ ಲಾಂಛನದ ಸಣ್ಣ ಪ್ಯಾಚ್ ಒಂದನ್ನು ಹಾಕಿದರು. ಹೆಲ್ಮೆಟ್ಟಿನ ಎಡಗಡೆ ಮಾತ್ರ ಮುಟ್ಟಲಿಲ್ಲ.

ಗೆಲುವು ಶುರುವಾಗುವುದು 1969ರಿಂದ. ಆ ವರ್ಷ ಚಕ್ ನಾಲ್ ಕೋಚ್ ಆಗಿ ಬಂದರು. ಮೊದಲ ಪಂದ್ಯ ಗೆದ್ದರು, ಉಳಿದ ಹದಿಮೂರೂ ಸೋತರು! ಆದರೂ ರೂನಿ ಮನೆಯವರು ಅವರನ್ನು ತೆಗೆಯಲಿಲ್ಲ. ಈ ತಾಳ್ಮೆ ಆ ಮನೆಯ ಗುಣ. ನಾಲ್ 1991ರ ತನಕ ಇದ್ದರು. ಆಮೇಲೆ ಬಿಲ್ ಕೌವರ್, 2007ರಿಂದ 2025ರ ಸೀಸನ್ ಮುಗಿಯುವ ತನಕ ಮೈಕ್ ಟಾಮ್ಲಿನ್. ಬೇರೆ ತಂಡಗಳು ಮೂರ್ನಾಲ್ಕು ವರ್ಷಕ್ಕೊಬ್ಬರನ್ನು ಬದಲಾಯಿಸುವ ಲೀಗಿನಲ್ಲಿ ಇದು ಸಣ್ಣ ವಿಷಯವಲ್ಲ.

ನಾಲ್ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, ಹೊಸ ಹುಡುಗರನ್ನು ಆರಿಸಿ ತಂಡ ಕಟ್ಟಿದರು. 1969ರಲ್ಲಿ ಜೋ ಗ್ರೀನ್, 1970ರಲ್ಲಿ ಕ್ವಾರ್ಟರ್‌ಬ್ಯಾಕ್ ಟೆರಿ ಬ್ರಾಡ್‌ಶಾ. ಬ್ರಾಡ್‌ಶಾ ಸಿಕ್ಕಿದ್ದು ನಾಣ್ಯದ ಟಾಸ್‌ನಿಂದ. ಮೊದಲ ಆಯ್ಕೆಯ ಹಕ್ಕು ಯಾರಿಗೆ ಅಂತ ಶಿಕಾಗೊ ಬೇರ್ಸ್ ಜೊತೆ ಟಾಸ್ ಹಾಕಿ ಗೆದ್ದರು. 1974ರ ಡ್ರಾಫ್ಟ್‌ನಲ್ಲಂತೂ ಒಂದೇ ವರ್ಷ ಲಿನ್ ಸ್ವಾನ್, ಜ್ಯಾಕ್ ಲ್ಯಾಂಬರ್ಟ್, ಜಾನ್ ಸ್ಟಾಲ್‌ವರ್ತ್, ಮೈಕ್ ವೆಬ್‌ಸ್ಟರ್ ಬಂದರು. ನಾಲ್ವರೂ ಮುಂದೆ ಶ್ರೇಷ್ಠ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಇಲ್ಲಿ ಬಿಲ್ ನನ್ ಅವರ ಹೆಸರು ಹೇಳಲೇಬೇಕು. ಅವರು ಪಿಟ್ಸ್‌ಬರ್ಗ್ ಕೊರಿಯರ್ ಎಂಬ ಕರಿಯರ ಪತ್ರಿಕೆಯಲ್ಲಿ ಬರೆಯುತ್ತಿದ್ದವರು. ದಕ್ಷಿಣದ ಕರಿಯರ ಕಾಲೇಜುಗಳಲ್ಲಿ ಎಂಥ ಆಟಗಾರರಿದ್ದಾರೆ ಅಂತ ಅವರಿಗೆ ಗೊತ್ತಿತ್ತು. ಬೇರೆ ತಂಡಗಳು ಅತ್ತ ಹೆಚ್ಚು ತಲೆ ಹಾಕುತ್ತಿರಲಿಲ್ಲ. ಸ್ಟಾಲ್‌ವರ್ತ್ ಸಿಕ್ಕಿದ್ದು ಹಾಗೆ.

1972ರ ಡಿಸೆಂಬರ್ 23. ಓಕ್‌ಲ್ಯಾಂಡ್ ರೇಡರ್ಸ್ ಎದುರು ಪ್ಲೇಆಫ್. ರೇಡರ್ಸ್ 7, ಸ್ಟೀಲರ್ಸ್ 6. ಉಳಿದದ್ದು 22 ಸೆಕೆಂಡ್, ಕೊನೆಯ ಅವಕಾಶ. ಆರ್ಟ್ ರೂನಿ ಸೋತೆವು ಅಂದುಕೊಂಡು, ಹುಡುಗರಿಗೆ ಸಮಾಧಾನ ಹೇಳಲು ಲಿಫ್ಟ್‌ನಲ್ಲಿ ಕೆಳಗಿಳಿಯುತ್ತಿದ್ದರು. ಬ್ರಾಡ್‌ಶಾ ಎಸೆದ ಚೆಂಡು ಫ್ರೆಂಚಿ ಫುಕ್ವಾ ಕಡೆ ಹೋಯಿತು. ಅದೇ ಕ್ಷಣಕ್ಕೆ ರೇಡರ್ಸ್‌ನ ಜ್ಯಾಕ್ ಟೇಟಮ್ ಬಂದು ಡಿಕ್ಕಿ ಹೊಡೆದ. ಚೆಂಡು ಹಿಂದಕ್ಕೆ ಚಿಮ್ಮಿತು. ಓಡಿ ಬರುತ್ತಿದ್ದ ಫ್ರ್ಯಾಂಕೊ ಹ್ಯಾರಿಸ್ ಅದನ್ನು ಪಾದದ ಹತ್ತಿರ, ನೆಲ ಮುಟ್ಟುವ ಮೊದಲು ಹಿಡಿದು ಕೊನೆಯ ತನಕ ಓಡಿಬಿಟ್ಟ. 13-7.

ಆಗಿನ ನಿಯಮದ ಪ್ರಕಾರ ಚೆಂಡು ಬರೀ ಫುಕ್ವಾಗೆ ತಾಗಿ ಚಿಮ್ಮಿದ್ದರೆ ಹ್ಯಾರಿಸ್ ಹಿಡಿದದ್ದು ಲೆಕ್ಕಕ್ಕಿಲ್ಲ. ಟೇಟಮ್‌ಗೆ ತಾಗಿದ್ದರೆ ಸರಿ. ಯಾರಿಗೆ ತಾಗಿತು? ಐವತ್ತು ವರ್ಷ ಜನ ಇದನ್ನೇ ಚರ್ಚೆ ಮಾಡಿದರು. ನಿಜ ಗೊತ್ತು, ಆದರೆ ಹೇಳುವುದಿಲ್ಲ ಅಂತ ಫುಕ್ವಾ ವರ್ಷಗಟ್ಟಲೆ ಆಟ ಆಡಿಸಿದ. ನನ್ನ ಕೇಳಿದರೆ, ಚೆಂಡು ಅಷ್ಟು ದೂರ ಹಿಂದಕ್ಕೆ ಬರಬೇಕಾದರೆ ಎದುರಿನಿಂದ ಓಡಿ ಬಂದ ಟೇಟಮ್‌ಗೇ ತಾಗಿರಬೇಕು. ರೇಡರ್ಸ್ ಅಭಿಮಾನಿ ಯಾರಾದರೂ ಇದ್ದರೆ ಕ್ಷಮಿಸಿ. ತವರಿನ ಪಂದ್ಯಗಳನ್ನು ಆ ಊರಿನ ಟಿವಿಯಲ್ಲಿ ಆಗ ತೋರಿಸುತ್ತಿರಲಿಲ್ಲ. ಹಾಗಾಗಿ ಸ್ಟೇಡಿಯಂನಲ್ಲಿ ಇಲ್ಲದವರಿಗೆ ರೇಡಿಯೋವೇ ಗತಿ. ಇವತ್ತು ಯಾರನ್ನು ಕೇಳಿದರೂ ನಾನು ಅಲ್ಲೇ ಇದ್ದೆ ಅನ್ನುತ್ತಾರೆ, ಅದು ಬೇರೆ. ಪಿಟ್ಸ್‌ಬರ್ಗ್ ವಿಮಾನ ನಿಲ್ದಾಣದಲ್ಲಿ ಜಾರ್ಜ್ ವಾಷಿಂಗ್ಟನ್ ಪ್ರತಿಮೆ ಇದೆ. ಅದರ ಪಕ್ಕದಲ್ಲೇ, ಬಗ್ಗಿ ಚೆಂಡು ಹಿಡಿಯುತ್ತಿರುವ ಫ್ರ್ಯಾಂಕೊ ಹ್ಯಾರಿಸ್ ಪ್ರತಿಮೆ. ಮುಂದಿನ ವಾರ ಮಯಾಮಿ ಡಾಲ್ಫಿನ್ಸ್ ಎದುರು ಸೋತರು. ಆದರೆ ನಲವತ್ತು ವರ್ಷದಲ್ಲಿ ಅದು ಮೊದಲ ಪ್ಲೇಆಫ್ ಗೆಲುವಾಗಿತ್ತು.

ಮೊದಲ ಸೂಪರ್ ಬೌಲ್ ಗೆಲುವು 1975ರ ಜನವರಿ 12, ನ್ಯೂ ಆರ್ಲಿಯನ್ಸ್. ಮಿನೆಸೋಟ ವೈಕಿಂಗ್ಸ್ ಎದುರು 16-6. ಅರ್ಧ ಪಂದ್ಯ ಮುಗಿದಾಗ ಸ್ಕೋರು ಬರೀ 2-0. ಆ ಎರಡು ಅಂಕ ತಂದವನು ಡ್ವೈಟ್ ವೈಟ್. ಆ ವಾರವೆಲ್ಲ ನ್ಯುಮೋನಿಯಾ ಬಂದು ಆಸ್ಪತ್ರೆಯಲ್ಲಿದ್ದವನು, ಎದ್ದು ಬಂದು ಆಡಿದ. ವೈಕಿಂಗ್ಸ್ ಓಟದಿಂದ ಗಳಿಸಿದ್ದು ಇಡೀ ಪಂದ್ಯದಲ್ಲಿ 17 ಯಾರ್ಡ್. ಗ್ರೀನ್, ಗ್ರೀನ್‌ವುಡ್, ಹೋಮ್ಸ್, ವೈಟ್, ಈ ನಾಲ್ವರ ಸಾಲನ್ನು ಸ್ಟೀಲ್ ಕರ್ಟನ್ ಅಂದದ್ದು ಸುಮ್ನೆ ಅಲ್ಲ. ಮರುವರ್ಷ ಡಲ್ಲಾಸ್ ಕೌಬಾಯ್ಸ್ ಎದುರು 21-17. 1979ರಲ್ಲಿ ಮತ್ತೆ ಡಲ್ಲಾಸ್, 35-31. 1980ರ ಜನವರಿಯಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ಎದುರು 31-19. ಆರು ವರ್ಷದಲ್ಲಿ ನಾಲ್ಕು. ಬೇರೆ ಯಾವ ತಂಡವೂ ಇದನ್ನು ಮಾಡಿಲ್ಲ.

ಇದೇ ಕಾಲದಲ್ಲಿ ನಮ್ಮ ಕಡೆಯವರೂ ಆ ಊರಿಗೆ ಬಂದರು, ಎಂಜಿನಿಯರುಗಳಾಗಿ, ಡಾಕ್ಟರುಗಳಾಗಿ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ ಎದ್ದದ್ದು 1976ರ ಸುಮಾರಿಗೆ.

ಆದರೆ ಹೆಲ್ಮೆಟ್ ಮೇಲಿನ ಗುರುತು ಯಾವುದರದೋ ಅದು ಆಗಲೇ ಕುಸಿಯುತ್ತಿತ್ತು. ಎಪ್ಪತ್ತರ ದಶಕದ ಕೊನೆಯಿಂದ ಮನಾಂಗಹೀಲ ನದಿಯ ದಂಡೆಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಹೊರದೇಶದ ಅಗ್ಗದ ಉಕ್ಕು, ಹಳೇ ಯಂತ್ರಗಳು, ಬೇಡಿಕೆ ಕಮ್ಮಿ. ಹೋಮ್‌ಸ್ಟೆಡ್‌ನ ದೊಡ್ಡ ಕಾರ್ಖಾನೆ 1986ರಲ್ಲಿ ಬಾಗಿಲು ಹಾಕಿತು. 1950ರಲ್ಲಿ ಪಿಟ್ಸ್‌ಬರ್ಗ್‌ನ ಜನಸಂಖ್ಯೆ ಸುಮಾರು 6,77,000. 2020ರಲ್ಲಿ ಸುಮಾರು 3,03,000. ಉಪನಗರಗಳಿಗೆ ಹೋದವರೂ ಇದ್ದಾರೆ, ಆದರೆ ಕೆಲಸ ಹುಡುಕಿಕೊಂಡು ಟೆಕ್ಸಸ್, ಫ್ಲಾರಿಡಾ, ಅರಿಜೋನ ಅಂತ ಹೋದವರು ಸಾವಿರಾರು. ಹೋದ ಕಡೆ ತಂಡವನ್ನೂ ಕರೆದುಕೊಂಡು ಹೋದರು. ಇವತ್ತು ಎದುರಾಳಿಯ ಊರಿನಲ್ಲಿ ಪಂದ್ಯ ನಡೆದರೂ ಅರ್ಧ ಸ್ಟೇಡಿಯಂ ಹಳದಿ ಕಾಣುವುದು ಇದಕ್ಕೇ.

ಆ ಹಳದಿ, ಅಭಿಮಾನಿಗಳು ಬೀಸುವ ಟವೆಲ್ಲಿನದು. ಆ ಟವೆಲ್ ಕೂಡ ಲಾಂಛನವೇ. 1975ರ ಪ್ಲೇಆಫ್‌ಗೆ ರೇಡಿಯೋ ನಿರೂಪಕ ಮೈರನ್ ಕೋಪ್ ಹುಟ್ಟುಹಾಕಿದ್ದು. ರೇಡಿಯೋದವರಿಗೆ ಏನಾದರೂ ಗಿಮಿಕ್ ಬೇಕಿತ್ತು. ಮನೆಯಿಂದ ಹಳದಿ ಟವೆಲ್ ತನ್ನಿ, ಬೀಸಿ ಅಂದರು. ಟೆರಿಬಲ್ ಟವೆಲ್ ಅಂತ ಹೆಸರಾಯಿತು. 1996ರಲ್ಲಿ ಕೋಪ್ ಅದರ ಹಕ್ಕನ್ನು ಅಲೆಘೆನಿ ವ್ಯಾಲಿ ಸ್ಕೂಲ್‌ಗೆ ಬರೆದುಕೊಟ್ಟರು. ಬುದ್ಧಿಮಾಂದ್ಯತೆ ಇರುವವರನ್ನು ನೋಡಿಕೊಳ್ಳುವ ಸಂಸ್ಥೆ ಅದು. ಅವರ ಮಗನೂ ಅಲ್ಲಿದ್ದ. ಈಗಲೂ ಟವೆಲ್ ಮಾರಾಟದ ಹಣ ಅಲ್ಲಿಗೆ ಹೋಗುತ್ತದೆ. ಉಕ್ಕಿನ ಲಾಂಛನ ಜಾಹೀರಾತಾಗಿ ಹುಟ್ಟಿತು, ಟವೆಲ್ಲೂ ಹಾಗೇ. ಎರಡನ್ನೂ ಜನ ತಮ್ಮದು ಮಾಡಿಕೊಂಡರು.

ಐದನೇ ಗೆಲುವಿಗೆ 26 ವರ್ಷ ಕಾಯಬೇಕಾಯಿತು. ಸೂಪರ್ ಬೌಲ್ ಗೆದ್ದವರಿಗೆ ಉಂಗುರ ಕೊಡುತ್ತಾರೆ. ನಾಲ್ಕು ಬೆರಳಿಗೆ ನಾಲ್ಕು ಉಂಗುರ ಆಯಿತು, ಇನ್ನು ಹೆಬ್ಬೆರಳಿಗೊಂದು ಬೇಕು ಅಂತ ಜೋ ಗ್ರೀನ್ ಅವತ್ತೇ ಹೇಳಿದ್ದರು. ಅದು ಘೋಷಣೆಯೇ ಆಗಿಹೋಯಿತು. 1996ರಲ್ಲಿ ಡಲ್ಲಾಸ್ ಎದುರು ಫೈನಲ್ ಸೋತರು. ಕೊನೆಗೆ 2006ರ ಫೆಬ್ರವರಿ 5ರಂದು ಡೆಟ್ರಾಯಿಟ್‌ನಲ್ಲಿ ಸಿಯಾಟಲ್ ಸೀಹಾಕ್ಸ್ ಎದುರು 21-10. ಆರನೇ ಶ್ರೇಯಾಂಕದಿಂದ ಬಂದು, ಫೈನಲ್ಲಿಗೆ ಮುಂಚಿನ ಮೂರೂ ಪಂದ್ಯಗಳನ್ನು ಎದುರಾಳಿಗಳ ನೆಲದಲ್ಲೇ ಗೆದ್ದವರು ಅವರು. ಆರನೆಯದು 2009ರಲ್ಲಿ, ಟ್ಯಾಂಪಾ. ಅರಿಜೋನ ಕಾರ್ಡಿನಲ್ಸ್ ಎದುರು 27-23. ಮೊದಲರ್ಧದ ಕೊನೆಯ ಆಟದಲ್ಲಿ ಜೇಮ್ಸ್ ಹ್ಯಾರಿಸನ್ ಎದುರಾಳಿಯ ಚೆಂಡು ಕಸಿದು 100 ಯಾರ್ಡ್ ಓಡಿದ. ಯಾವ ತಂಡವೂ ಡ್ರಾಫ್ಟ್‌ನಲ್ಲಿ ಆರಿಸದ, ಹಲವು ಸಲ ಮನೆಗೆ ಕಳಿಸಿದ ಆಟಗಾರ ಆತ. ಓಟ ಮುಗಿಸಿ ಎದ್ದೇಳಲಾಗದೆ ಬಿದ್ದಿದ್ದ. 35 ಸೆಕೆಂಡ್ ಉಳಿದಿದ್ದಾಗ ಸ್ಯಾಂಟೋನಿಯೊ ಹೋಮ್ಸ್ ಮೂಲೆಯಲ್ಲಿ ಎರಡೂ ಕಾಲ ಬೆರಳನ್ನು ನೆಲಕ್ಕೆ ಊರಿಕೊಂಡೇ ಚೆಂಡು ಹಿಡಿದ. ಆ ಹತ್ತು ಸೆಕೆಂಡಿನ ವಿಡಿಯೋ ಇವತ್ತೇ ಮನೆಗೆ ಹೋಗಿ ನೋಡಿ.

ಉಪನ್ಯಾಸ ಮುಗಿದ ಮೇಲೆ ಸಭೆಯಲ್ಲಿದ್ದ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. ಆ ಊರಿನ ಹಾಕಿ ತಂಡವೂ, ಬೇಸ್‌ಬಾಲ್ ತಂಡವೂ ಅದೇ ಕಪ್ಪು ಹಳದಿ ಹಾಕುತ್ತಾರಲ್ಲ, ಅದು ಮೊದಲಿನಿಂದಲೂ ಹಾಗೆಯಾ ಅಂತ. ಇಲ್ಲ. ಐಸ್ ಹಾಕಿಯ ಪೆಂಗ್ವಿನ್ಸ್ ತಂಡದ್ದು ಮೊದಲು ನೀಲಿ ಬಿಳಿ. 1979ರ ಅಕ್ಟೋಬರಿನಲ್ಲಿ ಪೈರೇಟ್ಸ್ ಬೇಸ್‌ಬಾಲ್‌ನ ವರ್ಲ್ಡ್ ಸೀರೀಸ್ ಗೆದ್ದರು. ಮೂರೇ ತಿಂಗಳಿಗೆ ಸ್ಟೀಲರ್ಸ್ ನಾಲ್ಕನೇ ಸೂಪರ್ ಬೌಲ್ ಗೆದ್ದರು. ಎರಡು ತಂಡದ್ದೂ ಒಂದೇ ಬಣ್ಣ. ಅದೇ ಜನವರಿಯಲ್ಲಿ, ಸೀಸನ್ನಿನ ನಡುವೆಯೇ, ಪೆಂಗ್ವಿನ್ಸ್ ಕೂಡ ಕಪ್ಪು ಹಳದಿಗೆ ಬದಲಾದರು. ಬಾಸ್ಟನ್ ಬ್ರೂಯಿನ್ಸ್ ಅದು ನಮ್ಮ ಬಣ್ಣ ಅಂತ ತಕರಾರು ತೆಗೆದರು. 1920ರ ದಶಕದಲ್ಲಿ ಪಿಟ್ಸ್‌ಬರ್ಗ್‌ನಲ್ಲೇ ಇದ್ದ ಇನ್ನೊಂದು ಹಾಕಿ ತಂಡ ಇದೇ ಬಣ್ಣ ಹಾಕಿತ್ತು ಅಂತ ಪೆಂಗ್ವಿನ್ಸ್ ತೋರಿಸಿದರು, ಲೀಗ್ ಒಪ್ಪಿತು. ಆ ಹಳೆಯ ಹಾಕಿ ತಂಡದ ಹೆಸರೂ ಪೈರೇಟ್ಸ್.